ಅರ್ಧಾಣೆ ಸಿಕ್ಕ ರಾತ್ರಿ

ಕಳೆದ ವರ್ಷ ಪರೀಕ್ಷೆಯ ಆಯ್ಕೆಪಟ್ಟಿ ಬಂದ ದಿನ ನಾನು ಧಾರವಾಡದ ಬಾಡಿಗೆ ಕೋಣೆಯಲ್ಲಿದ್ದೆ. ಮೊಬೈಲ್‌ನಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ನನ್ನ ನಂಬರ್ ಇರಲಿಲ್ಲ. ಅದು ನನ್ನ ಮೂರನೇ ಸೋಲು. ಸೋತಿದ್ದಕ್ಕಿಂತ ಹೆಚ್ಚು ಕಾಡಿದ್ದು ಅಣ್ಣನಿಗೆ ಹೇಗೆ ಹೇಳುವುದು ಎಂಬ ಚಿಂತೆ. ಅಣ್ಣ ಪುಣೆಯಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಪ್ರತಿ ತಿಂಗಳೂ ನನ್ನ ಕೋಣೆ ಬಾಡಿಗೆಗೂ ಮೆಸ್ಸಿಗೂ ಆಗುವಷ್ಟು ಹಣ ಅವನಿಂದಲೇ ಬರುತ್ತಿತ್ತು.

ರೂಮಿನ ಗೆಳೆಯರು ಫಲಿತಾಂಶ ಕೇಳುತ್ತಾರೆಂಬ ಭಯಕ್ಕೆ ಆ ಸಂಜೆ ಗ್ರಂಥಾಲಯಕ್ಕೆ ಹೋಗಿ ಕುಳಿತೆ. ಓದುವ ಮನಸ್ಸಿರಲಿಲ್ಲ. ಕೈಗೆ ಸಿಕ್ಕ ಒಂದು ದಪ್ಪ ಪುಸ್ತಕ ತೆಗೆದುಕೊಂಡೆ. ಅದು ಧನಂಜಯ ಕೀರ್ ಬರೆದ ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನಚರಿತ್ರೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಅಂಬೇಡ್ಕರ್ ಎಂದರೆ ನಾಲ್ಕು ಆಯ್ಕೆಗಳಿರುವ ಒಂದು ಪ್ರಶ್ನೆ. ಹುಟ್ಟಿದ್ದು 1891ರ ಏಪ್ರಿಲ್ 14, ಮಹೂ. ಸಂವಿಧಾನದ ಕರಡು ಸಮಿತಿ ರಚನೆಯಾಗಿದ್ದು 1947ರ ಆಗಸ್ಟ್ 29. ತೀರಿಕೊಂಡಿದ್ದು 1956ರ ಡಿಸೆಂಬರ್ 6. ಇವೆಲ್ಲ ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿದ್ದವು. ಆದರೆ ಹತ್ತು ಹನ್ನೆರಡು ವರ್ಷದ ಅಂಬೇಡ್ಕರ್ ಹೇಗಿದ್ದರು, ಹೈಸ್ಕೂಲಿನ ಬೆಂಚಿನ ಮೇಲೆ, ಅಲ್ಲ, ಬೆಂಚಿನ ಕೆಳಗೆ ಕುಳಿತ ಆ ಹುಡುಗನಿಗೆ ಏನನ್ನಿಸುತ್ತಿತ್ತು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಸಂಜೆ ನಾನು ಪುಸ್ತಕದ ಮೊದಲ ಪುಟಗಳಲ್ಲೇ ನಿಂತುಬಿಟ್ಟೆ. ಮುಂದಿನ ವಾರಗಳಲ್ಲಿ ಅವರೇ ಬರೆದುಕೊಂಡ ಬಾಲ್ಯದ ನೆನಪುಗಳನ್ನೂ ಹುಡುಕಿ ಓದಿದೆ. ಅಲ್ಲಿ ನನಗೆ ಸಿಕ್ಕ ಹುಡುಗನ ಬಗ್ಗೆ ಇಲ್ಲಿ ಹೇಳಬೇಕೆನಿಸಿದೆ. ಮುಂದೆ ದೇಶವೇ ಬಾಬಾಸಾಹೇಬರೆಂದು ಕರೆದ ವ್ಯಕ್ತಿಯನ್ನು ಹುಡುಗನಾಗಿದ್ದಷ್ಟು ಹೊತ್ತು ಏಕವಚನದಲ್ಲೇ ಕರೆಯುತ್ತೇನೆ. ಅವನು ನಮ್ಮ ತರಗತಿಯಲ್ಲಿದ್ದಂತೆ ಅನ್ನಿಸಲಿ ಎಂಬುದಷ್ಟೇ ಕಾರಣ.

ಗೋಣಿತಟ್ಟಿನ ಮೇಲಿನ ಹೈಸ್ಕೂಲು

ಭೀಮ ತಂದೆ ತಾಯಿಯ ಹದಿನಾಲ್ಕನೇ ಮಗು. ಅಷ್ಟು ಮಕ್ಕಳಲ್ಲಿ ಉಳಿದು ಬೆಳೆದವರು ಐವರೇ: ಬಲರಾಮ, ಆನಂದರಾವ್, ಮಂಜುಳಾ, ತುಳಸಿ ಮತ್ತು ಕೊನೆಯವನಾದ ಭೀಮ. ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನಿಕ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತಿಯ ನಂತರ ಕುಟುಂಬ ಕೊಂಕಣದ ದಾಪೋಲಿಯಲ್ಲಿ ಸ್ವಲ್ಪ ಕಾಲವಿದ್ದು, ಆಮೇಲೆ ಮಹಾರಾಷ್ಟ್ರದ ಸಾತಾರಾಕ್ಕೆ ಬಂತು. ಅಲ್ಲಿಗೆ ಬಂದ ಮೇಲೆ ತಾಯಿ ಭೀಮಾಬಾಯಿ ತೀರಿಕೊಂಡರು. ಆಗ ಭೀಮ ತೀರಾ ಚಿಕ್ಕವನು. ಮಕ್ಕಳನ್ನು ನೋಡಿಕೊಂಡವರು ತಂದೆಯ ಅಕ್ಕ ಮೀರಾಬಾಯಿ. ಅವರಿಗೆ ಬೆನ್ನು ಗೂನಾಗಿತ್ತು. ಆದರೂ ತಾಯಿಯಿಲ್ಲದ ಕೊನೆಯ ಮಗುವಿನ ಮೇಲೆ ಸೋದರತ್ತೆಗೆ ಎಲ್ಲಿಲ್ಲದ ಅಕ್ಕರೆ.

1900ರ ನವೆಂಬರ್ 7ರಂದು ಭೀಮ ಸಾತಾರಾದ ಸರ್ಕಾರಿ ಹೈಸ್ಕೂಲಿಗೆ ಸೇರಿದ. ಆಗಿನ ಮುಂಬೈ ಪ್ರಾಂತ್ಯದಲ್ಲಿ ಹೈಸ್ಕೂಲೆಂದರೆ ಇಂಗ್ಲಿಷ್ ಒಂದನೇ ತರಗತಿಯಿಂದ ಮೆಟ್ರಿಕ್‌ವರೆಗೆ. ಹಾಗಾಗಿ ಒಂಬತ್ತು ವರ್ಷದ ಹುಡುಗ ಹೈಸ್ಕೂಲಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆ ಶಾಲೆಗೆ ಈಗ ಪ್ರತಾಪಸಿಂಹ ಹೈಸ್ಕೂಲ್ ಎಂದು ಹೆಸರು. ಅವನು ಅಲ್ಲಿಗೆ ಕಾಲಿಟ್ಟ ದಿನವನ್ನು 2017ರಿಂದ ಮಹಾರಾಷ್ಟ್ರ ಸರ್ಕಾರ ವಿದ್ಯಾರ್ಥಿ ದಿನವಾಗಿ ಆಚರಿಸುತ್ತಿದೆ.

ಆದರೆ ಆ ದಿನಗಳಲ್ಲಿ ಆ ಶಾಲೆ ಅವನಿಗೆ ಹಬ್ಬವಾಗಿರಲಿಲ್ಲ. ಮಹಾರ್ ಸಮುದಾಯದ ಹುಡುಗನೆಂಬ ಕಾರಣಕ್ಕೆ ಅವನು ತರಗತಿಯಲ್ಲಿ ಉಳಿದವರೊಂದಿಗೆ ಕೂರುವಂತಿರಲಿಲ್ಲ. ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು. ಸಂಜೆ ಅದನ್ನು ಮಡಚಿಕೊಂಡು ಮತ್ತೆ ಮನೆಗೆ ತರಬೇಕಿತ್ತು. ಕಸ ಗುಡಿಸುವ ಜವಾನನೂ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಉಳಿದ ಮಕ್ಕಳು ನಲ್ಲಿಯ ಬಳಿ ಹೋಗಿ ತಿರುಗಿಸಿ ಕುಡಿದು ಬರುತ್ತಿದ್ದರು. ಭೀಮ ಮಾತ್ರ ಮೇಷ್ಟ್ರ ಅಪ್ಪಣೆ ಕೇಳಬೇಕು, ಅವರು ಜವಾನನನ್ನು ಕರೆಯಬೇಕು, ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ರಜೆಯಲ್ಲಿದ್ದರೆ ಆ ದಿನ ನೀರಿಲ್ಲ.

ಮನೆಯಲ್ಲಿ ಅಗಸನಿಗೆ ಕೊಡಲು ಹಣವಿತ್ತು, ಆದರೆ ಅವರ ಬಟ್ಟೆ ಒಗೆಯುವ ಅಗಸನಿರಲಿಲ್ಲ. ಕ್ಷೌರಿಕನಿಗೆ ಕೊಡಲು ಕಾಸಿತ್ತು, ಆದರೆ ಯಾವ ಕ್ಷೌರಿಕನೂ ಅವರ ತಲೆ ಮುಟ್ಟುತ್ತಿರಲಿಲ್ಲ. ತಮ್ಮಂದಿರ ಬಟ್ಟೆ ಒಗೆದು, ಕೂದಲು ಕತ್ತರಿಸುತ್ತಿದ್ದವಳು ಅಕ್ಕ. ಹಣವಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಹಣವಿದ್ದೂ ಬಾಗಿಲು ತೆರೆಯದ ಅನುಭವ ಆ ಹುಡುಗನಿಗೆ ಹೈಸ್ಕೂಲಿನ ಮೊದಲ ವರ್ಷಗಳಲ್ಲೇ ಆಯಿತು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಗೆಳೆಯನೊಬ್ಬ ಯಾವಾಗಲೂ ಸಾಲಿನ ಕಟ್ಟಕಡೆಗೆ, ಒಂದು ಮಾರು ಜಾಗ ಬಿಟ್ಟು ಕೂರುತ್ತಿದ್ದ. ಅವನಿಗೆ ಅಲ್ಲಿ ಕೂರು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಯಾಕೆ ಅಲ್ಲಿ ಕೂರುತ್ತೀಯ ಎಂದು ನಾನೂ ಕೇಳಲಿಲ್ಲ. ಐದು ವರ್ಷ ಒಂದೇ ಕೋಣೆಯಲ್ಲಿ ಓದಿದೆವು, ಒಂದೇ ಮೈದಾನದಲ್ಲಿ ಕಬಡ್ಡಿ ಆಡಿದೆವು. ಊಟಕ್ಕೆ ಕುಳಿತಾಗ ಮಾತ್ರ ನಡುವೆ ಆ ಒಂದು ಮಾರು. ಬಡತನ ನನಗೂ ಗೊತ್ತು, ಆದರೆ ಆ ಜಾಗದಲ್ಲಿ ಕುಳಿತವನು ನಾನಲ್ಲ. ಹಾಗಾಗಿ ಭೀಮನ ಕಷ್ಟವೂ ನನ್ನ ಕಷ್ಟವೂ ಒಂದೇ ಎಂದು ನಾನು ಹೇಳಲಾರೆ. ಆ ಪುಟಗಳನ್ನು ಓದುವಾಗ ನನಗೆ ನೆನಪಾದವನು ಆ ಗೆಳೆಯ.

ಮಸೂರು ನಿಲ್ದಾಣದ ಸಂಜೆ

ತಂದೆಗೆ ಆಗ ಸಾತಾರಾ ಜಿಲ್ಲೆಯ ಖಟಾವ್ ತಾಲ್ಲೂಕಿನ ಗೋರೆಗಾಂವ್‌ನಲ್ಲಿ ಕ್ಯಾಷಿಯರ್ ಕೆಲಸ. ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ಬೇಸಿಗೆ ರಜೆಗೆ ಅಲ್ಲಿಗೇ ಬನ್ನಿ ಎಂದು ತಂದೆ ಮಕ್ಕಳಿಗೆ ಪತ್ರ ಬರೆದರು. 1901ರ ಸುಮಾರಿನ ಮಾತು. ಹುಡುಗರಿಗೆ ಸಂಭ್ರಮವೋ ಸಂಭ್ರಮ. ಅವರು ರೈಲನ್ನೇ ನೋಡಿರಲಿಲ್ಲ. ಹೊಸ ಅಂಗಿ, ಮಿರುಗುವ ಟೋಪಿ, ರೇಷ್ಮೆ ಅಂಚಿನ ಧೋತರ, ಹೊಸ ಬೂಟು ಎಲ್ಲ ಸಿದ್ಧವಾದವು. ಭೀಮ, ಅವನ ಅಣ್ಣ ಮತ್ತು ಮನೆಯ ಚಿಕ್ಕವರು ಬುತ್ತಿ ಕಟ್ಟಿಸಿಕೊಂಡು ಸಾತಾರಾದಲ್ಲಿ ರೈಲು ಹತ್ತಿದರು. ಗೋರೆಗಾಂವ್‌ಗೆ ಹತ್ತಿರದ ನಿಲ್ದಾಣ ಮಸೂರು. ಸಂಜೆ ಐದರ ಹೊತ್ತಿಗೆ ಅಲ್ಲಿ ಇಳಿದರು.

ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಬರುವ ದಿನ ತಿಳಿಸಿ ಹುಡುಗರು ಬರೆದ ಪತ್ರ ತಂದೆಯ ಕೈಗೆ ಸೇರಿರಲೇ ಇಲ್ಲ. ತಂದೆಯ ಆಳು ಪತ್ರ ಕೊಡಲು ಮರೆತಿದ್ದ. ಉಳಿದ ಪ್ರಯಾಣಿಕರೆಲ್ಲ ಹೋದರು. ಒಳ್ಳೆಯ ಬಟ್ಟೆ ತೊಟ್ಟ ಹುಡುಗರನ್ನು ನೋಡಿ ಸ್ಟೇಷನ್ ಮಾಸ್ತರರು ವಿಚಾರಿಸಿದರು. ಯಾರ ಮಕ್ಕಳೆಂದು ಕೇಳಿದಾಗ ಭೀಮ ಹಿಂದೆಮುಂದೆ ನೋಡದೆ ತಮ್ಮ ಜಾತಿ ಹೇಳಿಬಿಟ್ಟ. ಮಾಸ್ತರರ ಮುಖ ಬದಲಾಯಿತು. ಹೊರಗೆ ಬಾಡಿಗೆ ಗಾಡಿಗಳು ಬೇಕಾದಷ್ಟಿದ್ದವು. ವಿಷಯ ತಿಳಿದ ಮೇಲೆ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಮಾಸ್ತರರೇ ಒಂದು ದಾರಿ ಹುಡುಕಿದರು. ಗಾಡಿಯವನಿಗೆ ಎರಡರಷ್ಟು ಬಾಡಿಗೆ ಕೊಡುವುದು, ಎತ್ತುಗಳನ್ನು ಹುಡುಗರೇ ಹೊಡೆಯುವುದು, ಗಾಡಿಯವನು ಜತೆಗೆ ನಡೆದು ಬರುವುದು. ಒಂಬತ್ತು ಹತ್ತು ವರ್ಷದ ಮಕ್ಕಳು ಕತ್ತಲ ದಾರಿಯಲ್ಲಿ ಗಾಡಿ ಹೊಡೆದರು.

ಬುತ್ತಿಯಲ್ಲಿ ಊಟವಿತ್ತು, ಕುಡಿಯಲು ನೀರು ಸಿಗಲಿಲ್ಲ. ದಾರಿಯಲ್ಲಿ ಕಂಡ ಹಳ್ಳದ ನೀರು ಕೆಸರು, ಸಗಣಿ, ಗಂಜಲದಿಂದ ಕುಡಿಯುವಂತಿರಲಿಲ್ಲ. ನಡುರಾತ್ರಿಯ ಹೊತ್ತಿಗೆ ಸುಂಕದ ಕಟ್ಟೆಯೊಂದರ ಬಳಿ ಗಾಡಿ ನಿಂತಿತು. ಅಲ್ಲಿ ಮುಸ್ಲಿಮರೆಂದು ಹೇಳಿಕೊಂಡರೆ ನೀರು ಸಿಗಬಹುದೆಂದು ಗಾಡಿಯವನು ಸೂಚಿಸಿದ. ಭೀಮ ತನಗೆ ಬರುತ್ತಿದ್ದ ಉರ್ದುವಿನಲ್ಲೇ ಕೇಳಿ ನೋಡಿದ. ಆದರೂ ನೀರು ಸಿಗಲಿಲ್ಲ. ಬುತ್ತಿಯನ್ನು ಬಿಚ್ಚಿಯೂ ಉಣ್ಣಲಾಗದೆ ಹುಡುಗರು ಹಸಿದೇ ಮಲಗಿದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಗೋರೆಗಾಂವ್ ಸೇರಿದಾಗ ತಂದೆಗೆ ಆಶ್ಚರ್ಯವೂ ದುಃಖವೂ ಒಟ್ಟಿಗೇ ಆದವು.

ಶಾಲೆಯ ಗೋಣಿತಟ್ಟು, ನಲ್ಲಿಯ ನೀರು ಇವೆಲ್ಲ ಹುಟ್ಟಿದಾಗಿನಿಂದ ಇದ್ದದ್ದು, ಹೀಗೇ ಇರುತ್ತದೆ ಎಂದು ಆ ಹುಡುಗ ತಿಳಿದಿದ್ದ. ಆ ಒಂದು ರಾತ್ರಿ ಮಾತ್ರ ಅದು ಹೀಗೇಕಿದೆ ಎಂದು ಯೋಚಿಸುವಂತೆ ಮಾಡಿತು. ದೊಡ್ಡವರಾದ ಮೇಲೂ ಅವರು ಆ ಪ್ರಯಾಣವನ್ನು ಮರೆಯಲಿಲ್ಲ.

ಸೋದರತ್ತೆಯ ಸೊಂಟದ ಚೀಲ

ಇಷ್ಟೆಲ್ಲ ಆದ ಮೇಲೆ ಹುಡುಗ ಹಟ ಹಿಡಿದು ಓದಿದ, ಮೊದಲನೇ ನಂಬರ್ ಬಂದ ಎಂದು ಬರೆದರೆ ಕತೆ ಸೊಗಸಾಗಿರುತ್ತಿತ್ತು. ನಿಜ ಹಾಗಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದೂ ಅದೇ. ಸಾತಾರಾದ ಆ ವರ್ಷಗಳಲ್ಲಿ ಭೀಮನಿಗೆ ಓದಿನಲ್ಲಿ ಮನಸ್ಸೇ ಇರಲಿಲ್ಲ. ತೋಟ ಮಾಡುವ ಹುಚ್ಚು ಹಿಡಿದು ಕೈಗೆ ಸಿಕ್ಕ ಕಾಸನ್ನೆಲ್ಲ ಸಸಿಗಳಿಗೆ ಸುರಿದ. ಅದು ಬೇಸರವಾದಾಗ ದನ ಕಾಯಲು ಹೋದ. ಸಾತಾರಾ ರೈಲು ನಿಲ್ದಾಣದಲ್ಲಿ ಕೂಲಿಯಾಗಿ ಸಾಮಾನು ಹೊತ್ತು ಕಾಸು ಮಾಡಿದ್ದೂ ಉಂಟು. ತುಂಬಾ ಹಟಮಾರಿ. ಜಡಿಮಳೆಯಲ್ಲಿ ಬೇಕೆಂದೇ ನೆನೆದುಕೊಂಡು ಶಾಲೆಗೆ ಹೋದ ದಿನವೊಂದಿದೆ. ಪೆಂಡ್ಸೆ ಎಂಬ ಮೇಷ್ಟ್ರು ಅವನನ್ನು ಆ ಸ್ಥಿತಿಯಲ್ಲಿ ನೋಡಿ ತಮ್ಮ ಮನೆಗೆ ಕಳಿಸಿ, ಬಿಸಿನೀರು ಕೊಡಿಸಿದರು. ಮುಟ್ಟಲೊಲ್ಲದವರ ನಡುವೆ ಇಂಥ ಮೇಷ್ಟ್ರೂ ಇದ್ದರು.

ಆ ಹೊತ್ತಿಗೆ ತಂದೆ ಎರಡನೇ ಮದುವೆಯಾದರು. ತಾಯಿಯ ಒಡವೆಗಳನ್ನು ಮಲತಾಯಿಯ ಮೈಮೇಲೆ ನೋಡುವುದು ಆ ಹುಡುಗನಿಂದ ಆಗಲಿಲ್ಲ. ತಂದೆಯ ಅನ್ನ ತಿನ್ನಬಾರದು, ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳಬೇಕು ಎಂದು ತೀರ್ಮಾನಿಸಿದ. ಸಾತಾರಾದ ಹುಡುಗರು ಮುಂಬೈಗೆ ಹೋಗಿ ಗಿರಣಿಗಳಲ್ಲಿ ಕೆಲಸಕ್ಕೆ ಸೇರುತ್ತಾರೆಂದು ಕೇಳಿದ್ದ. ತಾನೂ ಹೋಗಿ ನೂಲು ಸುತ್ತುವ ಕೆಲಸ ಹಿಡಿಯುವುದೆಂದು ಲೆಕ್ಕ ಹಾಕಿದ. ಆದರೆ ರೈಲು ಚಾರ್ಜಿಗೆ ಹಣವೆಲ್ಲಿ?

ಸೋದರತ್ತೆ ಮೀರಾಬಾಯಿ ಹಣದ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಭೀಮ ಮಲಗುತ್ತಿದ್ದುದು ಅವರ ಪಕ್ಕದಲ್ಲೇ. ಒಂದು ರಾತ್ರಿ ಕೈಹಾಕಿದ, ಸಿಗಲಿಲ್ಲ. ಎರಡನೇ ರಾತ್ರಿಯೂ ಇಲ್ಲ, ಮೂರನೇ ರಾತ್ರಿಯೂ ಇಲ್ಲ. ನಾಲ್ಕನೇ ರಾತ್ರಿ ಚೀಲ ಕೈಗೆ ಬಂತು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಅರ್ಧಾಣೆ. ಒಂದು ರೂಪಾಯಿಗೆ ಹದಿನಾರು ಆಣೆಯ ಕಾಲ ಅದು. ಅರ್ಧಾಣೆ ಎಂದರೆ ರೂಪಾಯಿಯ ಮೂವತ್ತೆರಡನೇ ಒಂದು ಪಾಲು. ಮುಂಬೈ ಎಲ್ಲಿ, ಅರ್ಧಾಣೆ ಎಲ್ಲಿ!

ತನ್ನನ್ನು ಎದೆಗವಚಿಕೊಂಡು ಸಾಕಿದ ಸೋದರತ್ತೆಯ ಚೀಲದಲ್ಲಿ ಇದ್ದದ್ದು ಅಷ್ಟು. ಅದನ್ನು ಕದಿಯಲು ತಾನು ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದ. ನಾಚಿಕೆಯಿಂದ ಹುಡುಗ ಕುಗ್ಗಿಹೋದ. ಅಲ್ಲಿಂದ ಅವನು ತೆಗೆದುಕೊಂಡ ನಿರ್ಧಾರವೇ ಬೇರೆ. ಓಡಿಹೋಗುವ ಯೋಚನೆ ಬಿಟ್ಟ. ಚೆನ್ನಾಗಿ ಓದಿ ಬೇಗ ಬೇಗ ಪರೀಕ್ಷೆಗಳನ್ನು ಪಾಸು ಮಾಡಿದರೆ ಬೇಗ ದುಡಿಯಬಹುದು, ಯಾರ ಹಂಗಿಲ್ಲದೆ ಬದುಕಬಹುದು ಎಂದು ಲೆಕ್ಕ ಹಾಕಿದ. ಅಲ್ಲಿಯವರೆಗೆ ತಂದೆಯ ಬಳಿ ದೂರು ಒಯ್ಯುತ್ತಿದ್ದ ಮೇಷ್ಟ್ರುಗಳೇ ಈ ಹುಡುಗನನ್ನು ಎಷ್ಟು ಓದುತ್ತಾನೋ ಅಷ್ಟು ಓದಿಸಿ ಎನ್ನತೊಡಗಿದರು.

ಗೆಳೆಯರೇ, ಇಲ್ಲಿ ನನಗೆ ಕಂಡದ್ದು ಇಷ್ಟು. ಓದಿನ ಕಡೆ ತಿರುಗಿದಾಗ ಆ ಹುಡುಗನ ಕಣ್ಣ ಮುಂದೆ ಸಂವಿಧಾನ ಇರಲಿಲ್ಲ, ಕೊಲಂಬಿಯಾ ವಿಶ್ವವಿದ್ಯಾಲಯ ಇರಲಿಲ್ಲ. ಇದ್ದದ್ದು ಒಂದು ಕೆಲಸ ಹಿಡಿಯಬೇಕು ಎಂಬ ಆಸೆ. ಕೆಲಸಕ್ಕಾಗಿ ಓದುವ ನಮ್ಮನ್ನು ಯಾರಾದರೂ ಹೀಯಾಳಿಸಿದರೆ ಈ ಮಾತು ನೆನಪಿರಲಿ. ಆಸೆ ಸಣ್ಣದೇ ಇರಬಹುದು, ಓದು ಅಷ್ಟಕ್ಕೇ ನಿಲ್ಲುವುದಿಲ್ಲ.

ಒಂದು ಕೋಣೆ, ಒಬ್ಬನಿಗೆ ಶಾಲೆ

1904ರ ಸುಮಾರಿಗೆ ಕುಟುಂಬ ಮುಂಬೈಗೆ ಬಂತು. ಪರೇಲಿನ ಡಬಕ್ ಚಾಳಿನಲ್ಲಿ ಒಂದೇ ಕೋಣೆ. ಸುತ್ತಮುತ್ತ ಗಿರಣಿ ಕಾರ್ಮಿಕರ ವಸತಿ. ಅಡುಗೆ, ಊಟ, ನಿದ್ದೆ, ಓದು ಎಲ್ಲ ಆ ಒಂದೇ ಕೋಣೆಯಲ್ಲಿ. ಹುಡುಗ ಸಂಜೆ ಬೇಗ ಮಲಗುತ್ತಿದ್ದ. ತಂದೆ ರಾತ್ರಿ ಎರಡರವರೆಗೆ ಎಚ್ಚರವಿದ್ದು, ಅವನನ್ನು ಎಬ್ಬಿಸಿ ಆ ಜಾಗದಲ್ಲಿ ತಾವು ಮಲಗುತ್ತಿದ್ದರು. ಪಕ್ಕದಲ್ಲಿ ಬೀಸುವ ಕಲ್ಲು, ಕಾಲ ಬಳಿ ಕಟ್ಟಿದ ಆಡು. ಎಣ್ಣೆ ದೀಪದ ಬೆಳಕಿನಲ್ಲಿ ಬೆಳಗಾಗುವವರೆಗೆ ಓದು. ಇಂಗ್ಲಿಷಿಗೆ ತಂದೆಯೇ ಗುರು. ಹೋವರ್ಡನ ಇಂಗ್ಲಿಷ್ ಪಾಠಗಳು, ತರ್ಖಡ್ಕರರ ಭಾಷಾಂತರ ಪುಸ್ತಕ, ಇವನ್ನು ಕಂಠಪಾಠವಾಗುವಂತೆ ಮಾಡಿಸಿದರು.

ಮಗನಿಗೆ ಪುಸ್ತಕದ ಹುಚ್ಚು ಹತ್ತಿತು. ಪಠ್ಯಕ್ಕೆ ಸಂಬಂಧವಿಲ್ಲದ ಪುಸ್ತಕವನ್ನೂ ಕೇಳತೊಡಗಿದ. ತಂದೆ ಇಲ್ಲ ಎನ್ನಲಿಲ್ಲ. ಪಿಂಚಣಿ ಮುಗಿದಿದ್ದರೆ ಮದುವೆಯಾಗಿ ಮುಂಬೈಯಲ್ಲೇ ಇದ್ದ ಹೆಣ್ಣುಮಕ್ಕಳ ಮನೆಗೆ ಹೋಗುತ್ತಿದ್ದರು. ಸಾಲ ಕೇಳುತ್ತಿದ್ದರು. ಕೈಯಲ್ಲಿ ಕಾಸಿಲ್ಲದಿದ್ದರೆ ಮಗಳು ಒಡವೆ ಬಿಚ್ಚಿಕೊಡುತ್ತಿದ್ದಳು. ಅದನ್ನು ಅಡವಿಟ್ಟು ಪುಸ್ತಕ ಬರುತ್ತಿತ್ತು. ಮುಂದಿನ ಪಿಂಚಣಿ ಬಂದಾಗ ಒಡವೆ ಬಿಡಿಸಿ ವಾಪಸು ಕೊಡುತ್ತಿದ್ದರು.

ಅಷ್ಟಾದರೂ ಇಬ್ಬರು ಗಂಡುಮಕ್ಕಳನ್ನು ಓದಿಸುವಷ್ಟು ಶಕ್ತಿ ಆ ಮನೆಗಿರಲಿಲ್ಲ. ಒಬ್ಬ ಬಿಡಬೇಕಾಯಿತು. ಬಿಟ್ಟವನು ಅಣ್ಣ ಆನಂದರಾವ್. ಅವನು ಜಿಐಪಿ ರೈಲ್ವೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಭೀಮ ಶಾಲೆಯಲ್ಲಿ ಉಳಿದ.

ಜೀವನಚರಿತ್ರೆಯಲ್ಲಿ ಈ ಸಂಗತಿಗೆ ಸಿಗುವುದು ಒಂದೆರಡು ಸಾಲು. ನಾನು ಮಾತ್ರ ಆ ಸಾಲುಗಳನ್ನು ದಾಟಿ ಮುಂದೆ ಹೋಗಲು ತುಂಬಾ ಹೊತ್ತು ತೆಗೆದುಕೊಂಡೆ.

ಕರಿಹಲಗೆಯ ಹಿಂದಿನ ಬುತ್ತಿಗಳು

ಮುಂಬೈಯಲ್ಲಿ ಮೊದಲು ಮರಾಠಾ ಹೈಸ್ಕೂಲ್, ಆಮೇಲೆ ಎಲ್ಫಿನ್‌ಸ್ಟನ್ ಹೈಸ್ಕೂಲ್. ಎಲ್ಫಿನ್‌ಸ್ಟನ್ ಸರ್ಕಾರಿ ಶಾಲೆ, ಊರಿನ ಒಳ್ಳೆಯ ಶಾಲೆಗಳಲ್ಲಿ ಒಂದು. ದೊಡ್ಡ ಊರಿಗೆ ಬಂದರೆ ಎಲ್ಲ ಬದಲಾಗುತ್ತದೆ ಎಂದುಕೊಂಡರೆ ಹಾಗೇನೂ ಆಗಲಿಲ್ಲ. ಒಂದು ದಿನ ಮೇಷ್ಟ್ರು ಭೀಮನನ್ನು ಕರಿಹಲಗೆಯ ಬಳಿ ಬಂದು ಲೆಕ್ಕ ಬಿಡಿಸಲು ಕರೆದರು. ಇಡೀ ತರಗತಿಯಲ್ಲಿ ಗದ್ದಲ. ಹುಡುಗರು ತಮ್ಮ ಊಟದ ಡಬ್ಬಿಗಳನ್ನು ಆ ಹಲಗೆಯ ಹಿಂದೆ ಇಡುತ್ತಿದ್ದರು. ಭೀಮ ಹಲಗೆ ಮುಟ್ಟುವ ಮುಂಚೆ ಅವನ್ನು ಎತ್ತಿಕೊಳ್ಳಲು ಎಲ್ಲರೂ ಎದ್ದು ಓಡಿದರು. ಡಬ್ಬಿಗಳೆಲ್ಲ ಆಚೆ ಹೋದ ಮೇಲೆ ಅವನು ಹಲಗೆಯ ಹತ್ತಿರ ಹೋಗಿ ಲೆಕ್ಕ ಮಾಡಿದ.

ಸಂಸ್ಕೃತ ಓದಬೇಕೆಂಬ ಆಸೆಯಿತ್ತು. ಆ ಪಾಠ ಅವನಿಗಿಲ್ಲವೆಂದಾಯಿತು. ಎರಡನೇ ಭಾಷೆಯಾಗಿ ಪಾರ್ಸಿ ತೆಗೆದುಕೊಳ್ಳಬೇಕಾಯಿತು. ಮುಂದೆ ಸಂಸ್ಕೃತವನ್ನು ತಮ್ಮ ಪ್ರಯತ್ನದಿಂದಲೇ ಕಲಿತರು ಎನ್ನುವುದು ಬೇರೆ ಮಾತು. ನಿನ್ನಂಥವನಿಗೆ ಓದಿನಿಂದ ಏನು ಪ್ರಯೋಜನ ಎಂಬರ್ಥದ ಮಾತನ್ನು ಒಬ್ಬ ಮೇಷ್ಟ್ರು ಆಗಾಗ ಆಡುತ್ತಿದ್ದರು. ಒಂದು ದಿನ ಹುಡುಗ ತಾಳ್ಮೆ ಕಳೆದುಕೊಂಡು ಎದುರುತ್ತರ ಕೊಟ್ಟ.

ಮನೆಯಲ್ಲಿ ಓದಲು ಜಾಗವಿಲ್ಲದ್ದರಿಂದ ಶಾಲೆ ಬಿಟ್ಟ ಮೇಲೆ ಚರ್ನಿ ರೋಡ್ ಉದ್ಯಾನಕ್ಕೆ ಹೋಗಿ ಓದುತ್ತಾ ಕೂರುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಮತ್ತೊಬ್ಬ ಓದುಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್. ವಿಲ್ಸನ್ ಹೈಸ್ಕೂಲಿನ ಶಿಕ್ಷಕರು, ಮರಾಠಿ ಲೇಖಕರು. ದಿನವೂ ಪುಸ್ತಕ ಹಿಡಿದು ಕೂರುವ ಹುಡುಗನನ್ನು ಕಂಡು ತಾವೇ ಮಾತನಾಡಿಸಿದರು. ಪುಸ್ತಕ ಕೊಟ್ಟರು, ಏನು ಓದಬೇಕೆಂದು ಹೇಳಿದರು. ಪಾರ್ಕಿನ ಬೆಂಚಿನ ಮೇಲೆ ಕೂತು ಓದುವ ನಮ್ಮ ಧಾರವಾಡದ ಹುಡುಗರನ್ನು ನೋಡಿದಾಗಲೆಲ್ಲ ಈಗ ನನಗೆ ಆ ಉದ್ಯಾನ ನೆನಪಾಗುತ್ತದೆ.

1907ರಲ್ಲಿ ಭೀಮ ಮೆಟ್ರಿಕ್ ಪಾಸಾದ. ಅಂಕ ಎಷ್ಟು ಗೊತ್ತೇ? 750ಕ್ಕೆ 282. ಶೇಕಡಾ 38ಕ್ಕೂ ಕಡಿಮೆ. ಇಂದು ಅಂಥ ಅಂಕಪಟ್ಟಿ ಹಿಡಿದು ಬಂದವನನ್ನು ನಾವು ಹೇಗೆ ನೋಡುತ್ತೇವೆ ಎಂದು ನಮಗೇ ಗೊತ್ತು. ಆದರೆ ಅವನ ಜನರಿಗೆ ಅದು ಎಷ್ಟು ದೊಡ್ಡದೆಂದರೆ, ಸಭೆ ಸೇರಿಸಿ ಅಭಿನಂದಿಸಿದರು. ಸಮಾಜ ಸುಧಾರಕ ಎಸ್.ಕೆ. ಬೋಲೆ ಅಧ್ಯಕ್ಷತೆ ವಹಿಸಿದ್ದರು. ಕೇಳುಸ್ಕರ್ ತಾವೇ ಬರೆದ ಗೌತಮ ಬುದ್ಧನ ಚರಿತ್ರೆಯನ್ನು ಹುಡುಗನಿಗೆ ಉಡುಗೊರೆ ಕೊಟ್ಟರು. ಸುಮಾರು ಐವತ್ತು ವರ್ಷಗಳ ನಂತರ, 1956ರ ಅಕ್ಟೋಬರ್‌ನಲ್ಲಿ, ಅವರು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದನ್ನು ನಾವೆಲ್ಲ ಓದಿದ್ದೇವೆ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಕೇಳುಸ್ಕರ್ ನೆರವಿನಿಂದ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ, ತಿಂಗಳಿಗೆ 25 ರೂಪಾಯಿ. ಎಲ್ಫಿನ್‌ಸ್ಟನ್ ಕಾಲೇಜು, 1912ರಲ್ಲಿ ಬಿ.ಎ. ಮರುವರ್ಷ ಫೆಬ್ರವರಿಯಲ್ಲಿ ತಂದೆಯ ಸಾವು. ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ. ಆಮೇಲೆ ಲಂಡನ್, ಡಾಕ್ಟರೇಟ್, ಬ್ಯಾರಿಸ್ಟರ್ ಪದವಿ. ಚೌಡಾರ್ ಕೆರೆಯ ನೀರಿಗಾಗಿ 1927ರಲ್ಲಿ ಮಹಾಡ್ ಸತ್ಯಾಗ್ರಹ. ಜವಾನ ಬಾರದ ದಿನ ಬಾಯಾರಿ ಕುಳಿತ ಹುಡುಗ, ಮಸೂರಿನ ದಾರಿಯಲ್ಲಿ ಹಸಿದು ಮಲಗಿದ ಹುಡುಗ ಆ ಕೆರೆಯ ದಡದಲ್ಲಿ ನಿಂತಿದ್ದ ಎಂದೇ ನನಗನ್ನಿಸುತ್ತದೆ.

ಇನ್ನೊಂದು ಸಂಗತಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಲಂಡನ್ನಿನಿಂದ ಮರಳಿದ ಮೇಲೆ 1924ರಲ್ಲಿ ಅವರು ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು. ಆ ಸಭೆ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು, 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ತೆರೆದ ಹಾಸ್ಟೆಲ್. ಅದು ಹೈಸ್ಕೂಲ್ ಮಕ್ಕಳಿಗಾಗಿ. ಓದು ಎಲ್ಲಿ ಕಡಿದುಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, ಮರುವರ್ಷ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ಬಂದವು. ಶುರುವಾದದ್ದು ಮಾತ್ರ ಊಟ, ಹಾಸಿಗೆ, ದೀಪ ಇರುವ ಒಂದು ಹಾಸ್ಟೆಲಿನಿಂದ.

ಅಣ್ಣನ ಗಣಿತ

ಸೊಲ್ಲಾಪುರ ನಮಗೆ ಹತ್ತಿರ. ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕಿನ ಒಂದು ಹಳ್ಳಿ. ನಾನು ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಸೇರಬೇಕಾದ ವರ್ಷ ಅಪ್ಪ ಬಿದ್ದು ಸೊಂಟ ಪೆಟ್ಟು ಮಾಡಿಕೊಂಡರು. ಮಳೆಯೂ ಕೈಕೊಟ್ಟಿತ್ತು. ಅಣ್ಣ ಆಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದ. ಆ ಜೂನ್‌ನಲ್ಲಿ ನಾನು ಬಸ್ ಪಾಸ್ ಮಾಡಿಸಿಕೊಂಡು ಹೈಸ್ಕೂಲಿಗೆ ಹೋದೆ, ಅವನು ಊರಿನವರ ಜತೆ ಪುಣೆಗೆ ಹೋದ. ಅವನಿಗೆ ಓದು ತಲೆಗೆ ಹತ್ತುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. ನಾನೂ ಹಾಗೇ ಹೇಳಿಕೊಂಡು ಬಂದೆ. ನನ್ನ ಆರನೇ ತರಗತಿಯ ಭಿನ್ನರಾಶಿ ಲೆಕ್ಕಗಳನ್ನು ಕೂರಿಸಿಕೊಂಡು ಕಲಿಸಿದವನು ಅವನೇ ಎಂಬುದನ್ನು ಎಷ್ಟು ಸುಲಭವಾಗಿ ಮರೆತಿದ್ದೆ!

ಆನಂದರಾವ್ ಬಗೆಗಿನ ಆ ಸಾಲುಗಳನ್ನು ಓದಿದ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದೆ. ಅವನು ಊಟ ಮಾಡಿದೆಯಾ ಎಂದು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ನಾನು, ಒಂಬತ್ತನೇ ತರಗತಿಯಲ್ಲಿ ನಿನಗೆ ಗಣಿತದಲ್ಲಿ ಎಷ್ಟು ಬಂದಿತ್ತು ಎಂದು ಕೇಳಿದೆ. ಹನ್ನೆರಡು ವರ್ಷದಲ್ಲಿ ನಾನು ಅವನನ್ನು ಹಾಗೆ ಕೇಳಿದ್ದು ಅದೇ ಮೊದಲು. ಅವನು ನಕ್ಕ. ಆಮೇಲೆ ಯೋಚನೆ ಮಾಡದೇ ಅಂಕ ಹೇಳಿದ. ನೂರಕ್ಕೆ ತೊಂಬತ್ತೊಂದು. ಅಷ್ಟು ವರ್ಷ ಇಟ್ಟಿಗೆ ಸಿಮೆಂಟಿನ ನಡುವೆಯೂ ಆ ಸಂಖ್ಯೆ ಅವನ ನಾಲಿಗೆ ತುದಿಯಲ್ಲೇ ಇತ್ತು.

ನಾನು ಆ ವಾರ ಎರಡು ಕೆಲಸ ಮಾಡಿದೆ. ಒಂದು ಟ್ಯೂಷನ್ ಕೇಂದ್ರದಲ್ಲಿ ಬೆಳಿಗ್ಗೆ ಎರಡು ಗಂಟೆ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳಲು ಒಪ್ಪಿಕೊಂಡೆ. ಮೆಸ್ಸಿನ ಖರ್ಚು, ಬಾಡಿಗೆಯ ಅರ್ಧ ಅದರಲ್ಲೇ ಹೋಗುತ್ತದೆ. ಅಣ್ಣನ ಹಣ ಈಗ ಪೂರ್ತಿ ಬೇಕಾಗುವುದಿಲ್ಲ. ಎರಡನೆಯದು, ಊರಿಗೆ ಹೋಗಿ ಅವನ ಹಳೆಯ ಶಾಲೆಯಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಲು ಏನೇನು ಬೇಕೆಂದು ವಿಚಾರಿಸಿದೆ. ಮೊದಲಿಗೆ ಅಣ್ಣ ಬೈದ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ನೀನು ಓದಿದರೆ ಸಾಕು ಎಂದ. ಒಪ್ಪಲು ಒಂದು ತಿಂಗಳು ಹಿಡಿಯಿತು.

ಈಗ ಪ್ರತಿ ರಾತ್ರಿ ಒಂಬತ್ತರ ಮೇಲೆ ನಾನು ಮೂರು ಲೆಕ್ಕಗಳ ಫೋಟೊ ಕಳಿಸುತ್ತೇನೆ. ಕೆಲಸ ಮುಗಿಸಿ, ಕೈ ತೊಳೆದು, ಶೆಡ್ಡಿನಲ್ಲಿ ಕೂತು ಅವನು ಬಿಡಿಸಿ ಕಳಿಸುತ್ತಾನೆ. ಹಾಳೆಯ ಅಂಚಿನಲ್ಲಿ ಕೆಲವೊಮ್ಮೆ ಸಿಮೆಂಟಿನ ಬೆರಳಚ್ಚು ಇರುತ್ತದೆ. ಇಂಗ್ಲಿಷ್ ಅವನಿಗೆ ಕಷ್ಟವಾಗುತ್ತಿದೆ. ಗಣಿತದಲ್ಲಿ ಮಾತ್ರ ನನ್ನ ತಪ್ಪುಗಳನ್ನೇ ತೋರಿಸುತ್ತಾನೆ.

ನಾನು ಮತ್ತೆ ಪರೀಕ್ಷೆ ಕಟ್ಟಿದ್ದೇನೆ. ಈ ಸಲ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಪಟ್ಟಿಯಲ್ಲಿ ನನ್ನ ನಂಬರ್ ಬಂದರೆ ಅದು ನನ್ನೊಬ್ಬನ ಬುದ್ಧಿವಂತಿಕೆಯಿಂದ ಬಂತೆಂದು ಹೇಳಿಕೊಳ್ಳುವುದಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ನೀಲಿ ಕೋಟು ತೊಟ್ಟು, ಪುಸ್ತಕ ಹಿಡಿದು ನಿಂತವರನ್ನು ನೋಡಿದಾಗಲೆಲ್ಲ ಅವರ ಹಿಂದೆ ನಿಂತವರೂ ನನಗೀಗ ಕಾಣುತ್ತಾರೆ. ಎರಡು ಗಂಟೆಯವರೆಗೆ ಎಚ್ಚರವಿದ್ದ ತಂದೆ, ಒಡವೆ ಬಿಚ್ಚಿಕೊಟ್ಟ ಅಕ್ಕ, ರೈಲ್ವೆ ಕಾರ್ಖಾನೆಗೆ ಹೊರಟ ಅಣ್ಣ, ಅರ್ಧಾಣೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದ ಸೋದರತ್ತೆ.

ನಿಮ್ಮ ಓದಿಗಾಗಿ ಶಾಲೆ ಬಿಟ್ಟವರು ನಿಮ್ಮ ಮನೆಯಲ್ಲೂ ಯಾರಾದರೂ ಇರಬಹುದು. ಇವತ್ತು ಅವರಿಗೆ ಒಂದು ಫೋನ್ ಮಾಡಿ. ಗಣಿತದಲ್ಲಿ ಎಷ್ಟು ಬಂದಿತ್ತು ಎಂದು ಕೇಳಿ ನೋಡಿ.